ಊರ ತುಂಬ ಪಂಪಾಪತಿಗಳು, ಪಂಪಾ ಎಲ್ಲಿ? ಮಗಳಿಗೆ ಹಳೆಯ ಹೆಸರು ಹುಡುಕುವವರಿಗೆ

ಮಗಳು ಬಾಣಂತನಕ್ಕೆ ಗಂಗಾವತಿಗೆ ಬಂದಿದ್ದಳು. ಹೆರಿಗೆಯಾಗಿ ನಾಲ್ಕನೇ ದಿನಕ್ಕೆ ಸಿಂಧನೂರಿನಿಂದ ಅಳಿಯನ ಫೋನು. "ಅತ್ತಿ, ನೀವು ಮೂವತ್ನಾಲ್ಕು ವರ್ಷ ಸಾಲ್ಯಾಗ ಹಾಜರಿ ಕೂಗಿದವ್ರು. ಯಾರೂ ಇಡದಂಥಾ ಹೆಸರು ಒಂದು ಹೇಳ್ರಿ. ಆದ್ರ ಅದು ನಮ್ಮ ಕಡೀದ ಇರಬೇಕು."

ಯಾರೂ ಇಟ್ಟಿರಬಾರದು, ಆದರೂ ನಮ್ಮದೇ ಆಗಿರಬೇಕು. ಒಳ್ಳೆ ಫಜೀತಿ. ಫೋನ್ ಇಟ್ಟು ಕಟ್ಟೆಯ ಮೇಲೆ ಕೂತಿದ್ದೆ. ಎದುರುಮನೆಯ ಹುಡುಗ ಓಣಿಯ ತುದಿಗೆ ನಿಂತು "ಏ ಪಂಪಾಪತೀ" ಎಂದು ಒದರಿದ. ಇಬ್ಬರು ತಿರುಗಿ ನೋಡಿದರು. ನಮ್ಮ ಓಣಿಯಲ್ಲಿ ಪಂಪಾಪತಿ ಎಂದು ಒದರಿದರೆ ಒಬ್ಬನೇ ತಿರುಗುವುದು ಅಪರೂಪ. ಗಂಗಾವತಿ, ಕಂಪ್ಲಿ, ಹೊಸಪೇಟೆ ಸುತ್ತ ಗೊಬ್ಬರದ ಅಂಗಡಿಗೆ, ಟ್ರ್ಯಾಕ್ಟರಿಗೆ, ಹೋಟೆಲಿಗೆ, ಮನುಷ್ಯರಿಗೆ ಎಲ್ಲಕ್ಕೂ ಅದೇ ಹೆಸರು. ಅವತ್ತು ಮೊದಲ ಸಲ ಆ ಹೆಸರನ್ನು ಬಿಡಿಸಿ ನೋಡಿದೆ. ಪಂಪಾ-ಪತಿ. ಪಂಪೆಯ ಗಂಡ. ಗಂಡಂದಿರು ಇಷ್ಟು ಮಂದಿ ಇದ್ದಾರಲ್ಲ, ಹೆಂಡತಿ ಎಲ್ಲಿ? ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು "ಪಂಪಾ" ಎಂದು ಹಾಜರಿ ಕೂಗಿದ ನೆನಪಿಲ್ಲ.

ಅಲ್ಲಿಂದ ಹಿಡಿದು ತೊಟ್ಟಿಲ ದಿನದವರೆಗೆ ನಾನು ಮಾಡಿದ ಹುಡುಕಾಟವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹೆಸರು ಬೇರೆ ಇರಬಹುದು. ಹುಡುಕುವ ದಾರಿ ಇದೇ.

ಎಲ್ಲರ ಹಾಗೆ ನಾನೂ ಮೊದಲು ಮೊಬೈಲ್ ತೆಗೆದೆ. ಹೆಸರಿನ ಪಟ್ಟಿ ಕೊಡುವ ಕಡೆಯೆಲ್ಲ ನೋಡಿದೆ. ಒಂದು ಕಡೆ ಪಂಪಾ ಎಂದರೆ ಕಮಲ ಎಂದಿತ್ತು, ಇನ್ನೊಂದು ಕಡೆ ನದಿ, ಮತ್ತೊಂದು ಕಡೆ "ದಯಾಳು ಸ್ವಭಾವದವಳು". ಜೊತೆಗೆ ಅದೃಷ್ಟ ಸಂಖ್ಯೆ, ಅದೃಷ್ಟದ ಬಣ್ಣ, ಎಷ್ಟು ಜನಪ್ರಿಯ ಎಂಬುದಕ್ಕೆ ನಕ್ಷತ್ರದ ಗುರುತು. ಸ್ವಭಾವ ಹೇಳುವ ಅರ್ಥ ಕಂಡರೆ ಅಲ್ಲೇ ಮೊಬೈಲ್ ಕೆಳಗಿಡಿ. ಹೆಸರಿಗೆ ಸ್ವಭಾವ ಇರುವುದಿಲ್ಲ, ಊರು ಇರುತ್ತದೆ, ಮನೆತನ ಇರುತ್ತದೆ, ಯಾವುದೋ ಹರಕೆ ಇರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದದ್ದು ಮನೆಯ ಹಿರಿಯರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು. ಕೇಳುವ ರೀತಿಯಲ್ಲಿ ಎಚ್ಚರ ಬೇಕು. "ಈ ಹೆಸರಿನ ಅರ್ಥ ಏನು?" ಎಂದು ಕೇಳಿದರೆ "ದೇವ್ರ ಹೆಸರವ್ವಾ" ಎಂದು ಮುಗಿಸಿಬಿಡುತ್ತಾರೆ. "ಇದು ನಮ್ಮ ಮನ್ಯಾಗ ಯಾರಿಗಿತ್ತು? ಯಾಕ ಇಟ್ರು? ಮನ್ಯಾಗ ಏನಂತ ಕರೀತಿದ್ರು?" ಎಂದು ಕೇಳಿ. ಕಂಪ್ಲಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ, ಎಂಬತ್ತು ದಾಟಿದಾಕೆ, ಕಿವಿ ಮಂದ. ಆಕೆಯ ತಾಯಿ, ಅಂದರೆ ನನ್ನ ಅಜ್ಜಿಯ ಹೆಸರು ಹಂಪಮ್ಮ. ನನಗೆ ಗೊತ್ತಿದ್ದದ್ದು ಅಷ್ಟೇ. ಸೋದರತ್ತೆಯ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದಾಗ ಆಕೆ ಹೇಳಿದ್ದು: "ಹಂಪಿ ತೇರಿಗೆ ಹೊತ್ತ ಹರಕಿಗೆ ಹುಟ್ಟಿದಾಕಿ ಅಂತ. ತವರುಮನ್ಯಾಗ ಪಂಪವ್ವ ಅಂತಿದ್ರಂತ. ಈ ಕಡೆ ಬಂದ ಮ್ಯಾಲೆ ಹಂಪಮ್ಮ ಆದ್ಲು."

ಪಂಪವ್ವ, ಹಂಪಮ್ಮ. ನಾನು ಕನ್ನಡ ಮೇಡಂ ಆಗಿದ್ದವಳು. ಅದುವರೆಗೆ ತಲೆಗೆ ಹೊಳೆದಿರಲಿಲ್ಲ ಎಂಬುದಕ್ಕೆ ನಾಚಿಕೆಯಾಯಿತು.

ಇದು ಮಕ್ಕಳಿಗೆ ನಾನೇ ಕಲಿಸಿದ ಪಾಠ. ಹಳಗನ್ನಡದ ಪಾಲ್ ನಮಗೆ ಹಾಲು, ಪುಲಿ ಹುಲಿ, ಪೂ ಹೂವು, ಪಳ್ಳಿ ಹಳ್ಳಿ, ಪತ್ತು ಹತ್ತು. ಸುಮಾರು ಹತ್ತನೇ ಶತಮಾನದಿಂದ ಶುರುವಾಗಿ, ಮುಂದಿನ ಕೆಲವು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು. ಅದೇ ಗಾಳಿ ಬೀಸಿ ಪಂಪೆ ಹಂಪೆಯಾಯಿತು, ಬಾಯಿಮಾತಿನಲ್ಲಿ ಹಂಪಿ ಆಯಿತು. ಪುರಾಣ ಹೇಳುವವರ ಬಾಯಲ್ಲಿ, ಪೂಜಾರಿಗಳ ಸಂಕಲ್ಪದಲ್ಲಿ ಮಾತ್ರ ಪಕಾರ ಹಾಗೇ ಉಳಿಯಿತು. ಹೀಗಾಗಿ ನಮ್ಮ ಕಡೆ ಒಂದೇ ಹೆಸರು ಎರಡು ವೇಷದಲ್ಲಿ ಓಡಾಡುತ್ತದೆ: ಪಂಪಾಪತಿ, ಪಂಪಣ್ಣ, ಪಂಪನಗೌಡ, ಪಂಪಮ್ಮ ಒಂದು ಕಡೆ, ಹಂಪಯ್ಯ, ಹಂಪನಗೌಡ, ಹಂಪಮ್ಮ, ಹಂಪವ್ವ ಇನ್ನೊಂದು ಕಡೆ. ಒಂದೇ ರೇಶನ್ ಕಾರ್ಡಿನಲ್ಲಿ ಅತ್ತೆ ಹಂಪಮ್ಮ, ಮಗ ಪಂಪಾಪತಿ ಇರುವ ಮನೆಗಳನ್ನು ನಾನು ನೋಡಿದ್ದೇನೆ. ಸಾವಿರ ವರ್ಷದ ಕನ್ನಡ ಒಂದೇ ಕಾರ್ಡಿನಲ್ಲಿ.

ನೀವು ಹುಡುಕುತ್ತಿರುವ ಹಳೆಯ ಹೆಸರು ಹಕಾರದಿಂದ ಶುರುವಾಗಿದ್ದರೆ, ಅದನ್ನು ಪಕಾರದಲ್ಲೂ ಹುಡುಕಿ. ಎಲ್ಲ ಹಕಾರವೂ ಪಕಾರದಿಂದ ಬಂದದ್ದಲ್ಲ. ಹೇಮಾ, ಹರಿಣಿ ಇವು ಸಂಸ್ಕೃತದವು, ಹುಟ್ಟಿದಾಗಿನಿಂದಲೂ ಹಕಾರವೇ. ಹಾಗೆಯೇ ಹೆಸರಿನ ಬಾಲ ಕತ್ತರಿಸಿ ನೋಡಿ: ಅಮ್ಮ, ಅವ್ವ, ಅಕ್ಕ, ಬಾಯಿ, ದೇವಿ ಇವನ್ನು ತೆಗೆದ ಮೇಲೆ ಉಳಿಯುವುದೇ ಮೂಲ. ನಮ್ಮಲ್ಲಿ ಬಹಳ ಸಲ ಆ ಮೂಲ ಒಂದು ಊರೋ ಆ ಊರಿನ ದೇವರೋ ಆಗಿರುತ್ತದೆ. ಹುಲಿಗೆಮ್ಮ ಎಂದರೆ ಹುಲಿಗಿ, ಕೊಟ್ರಮ್ಮ ಎಂದರೆ ಕೊಟ್ಟೂರು. ಗವಿಸಿದ್ದಮ್ಮ ಎಂದರೆ ಕೊಪ್ಪಳದ ಗವಿಮಠದ ಅಜ್ಜನ ಭಕ್ತರ ಮನೆ ಎಂದು ಕೇಳದೇ ಹೇಳಬಹುದು. ಆ ಮನೆ ಯಾವ ದೇವರ ಒಕ್ಕಲು ಎಂಬುದಕ್ಕೆ ಹೆಸರೇ ಚೀಟಿ.

ಇನ್ನು ನಿಘಂಟು. ಇದನ್ನು ಬೇಗ ಮುಗಿಸುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಈಗ ಪುಕ್ಕಟೆಯಾಗಿ ಓದಲು ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿರುತ್ತದೆ. ನಿಘಂಟಿನಲ್ಲಿ ನೋಡಬೇಕಾದದ್ದು ಒಂದೇ: ನಿಮ್ಮ ಹೆಸರು ಅರ್ಥವಿರುವ ಪದವೋ, ಅಥವಾ ಬರೀ ಅಂಕಿತನಾಮವೋ? ಪಂಪಾ ಎರಡನೆಯದು. ಅದು ಒಂದು ನದಿಯ ಹೆಸರು, ಒಂದು ಸರೋವರದ ಹೆಸರು. ತುಂಗಭದ್ರೆಯನ್ನು ನಮ್ಮ ಸ್ಥಳಪುರಾಣಗಳು ಪಂಪಾ ಎನ್ನುತ್ತವೆ, ಅದರ ದಂಡೆಯ ನೆಲ ಪಂಪಾಕ್ಷೇತ್ರ. ಕಮಲ, ದಯೆ ಎಲ್ಲ ಆಮೇಲೆ ಅಂಟಿಸಿದ ಬಾಸಿಂಗ. ಅಳಿಯನಿಗೆ ಇದನ್ನು ಹೇಳಿದಾಗ ಅವನ ದನಿ ಇಳಿಯಿತು. "ಹಂಗಾರ ಅರ್ಥನ ಇಲ್ಲೇನ್ರಿ ಅತ್ತಿ?" ಎಂದ. ಗಂಗಾ ಎಂದು ಹೆಸರಿಟ್ಟವರನ್ನು ಯಾರಾದರೂ ಅರ್ಥ ಕೇಳುತ್ತಾರೇನಪ್ಪಾ ಎಂದೆ. ಹೊಳಿ ಹೆಸರು ಎಂದರೆ ಸಾಕು. ನಿಮ್ಮ ಮಗಳ ಹೆಸರಿಗೆ ಅರ್ಥ ಸಿಗದಿದ್ದರೆ ಸುಳ್ಳು ಅರ್ಥ ಕಟ್ಟಬೇಡಿ. ನಾಳೆ ಆ ಮಗು ಶಾಲೆಯಲ್ಲಿ ನಿಂತು ಅದನ್ನೇ ಹೇಳುತ್ತದೆ, ನನ್ನಂಥ ಯಾವಳೋ ಒಬ್ಬ ಮೇಡಂ ತಿದ್ದುತ್ತಾಳೆ.

ಅರ್ಥ ಇಲ್ಲದ ಕಡೆ ಕಥೆ ಇರುತ್ತದೆ. ಪಂಪೆಯ ಕಥೆ ಎಷ್ಟು ದೊಡ್ಡದೆಂದರೆ ಆ ಒಂದು ವಾರ ನಾನು ಮಗಳಿಗೆ ಎಣ್ಣೆ-ನೀರು ಹಾಕುವುದನ್ನೂ ತಡ ಮಾಡಿ ಬೈಸಿಕೊಂಡೆ.

ಸ್ಥಳಪುರಾಣದ ಪ್ರಕಾರ ಪಂಪೆ ಬ್ರಹ್ಮನ ಮಾನಸಪುತ್ರಿ. ಶಿವನನ್ನೇ ಮದುವೆಯಾಗುತ್ತೇನೆಂದು ಈ ಕಲ್ಲುಬೆಟ್ಟಗಳ ನಡುವೆ ತಪಸ್ಸಿಗೆ ಕೂತಳು. ಶಿವ ಹೇಮಕೂಟದಲ್ಲಿ ಧ್ಯಾನದಲ್ಲಿದ್ದ, ಅವನನ್ನು ಎಬ್ಬಿಸಲು ಬಂದ ಮನ್ಮಥ ಸುಟ್ಟು ಬೂದಿಯಾದದ್ದೂ ಅಲ್ಲೇ ಎನ್ನುತ್ತಾರೆ. ಕೊನೆಗೆ ಶಿವ ಒಪ್ಪಿದ, ಮದುವೆಯಾದ, ಪಂಪಾಪತಿಯಾದ. ಇದು ಗೋಡೆಯ ಮೇಲಿನ ಕಥೆಯಾಗಿ ಉಳಿದಿಲ್ಲ. ಹಂಪಿಯಲ್ಲಿ ಪ್ರತಿ ವರ್ಷ ಫಲಪೂಜೆಯ ದಿನ ವಿರೂಪಾಕ್ಷ-ಪಂಪೆಯರ ನಿಶ್ಚಿತಾರ್ಥ ನಡೆಯುತ್ತದೆ, ಚೈತ್ರದಲ್ಲಿ ಮದುವೆ ಮತ್ತು ತೇರು. ವಿರೂಪಾಕ್ಷ ಗುಡಿಯ ಒಳಗೆ ಉತ್ತರದ ಕಡೆಗೆ ಪಂಪಾದೇವಿಗೂ ಭುವನೇಶ್ವರಿಗೂ ಬೇರೆ ಗುಡಿಗಳಿವೆ. ಎಲ್ಲರೂ ಲಿಂಗ ನೋಡಿ, ಆನೆಯ ಹತ್ತಿರ ಆಶೀರ್ವಾದ ತೊಗೊಂಡು ಬಂದುಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಮಾಡಿದವಳು.

ಸಂಶೋಧಕರು ಇನ್ನೂ ಒಂದು ಮಾತು ಹೇಳುತ್ತಾರೆ, ನನಗೆ ಅದೇ ಹೆಚ್ಚು ಹಿಡಿಸಿತು. ಇಲ್ಲಿ ಮೊದಲಿನಿಂದ ಇದ್ದವಳು ಪಂಪೆಯೇ, ಹೊಳೆಯ ದಂಡೆಯ ಸ್ಥಳೀಯ ದೇವತೆ. ವಿರೂಪಾಕ್ಷ ಆಮೇಲೆ ಬಂದು ಅವಳ ಗಂಡನೆಂದು ಗುರುತಾದ. ನಮ್ಮ ಕಡೆಯ ಕಾಗದಪತ್ರಗಳಲ್ಲಿ ಹೆಣ್ಣಿನ ಹೆಸರು ಬರೆಯುವುದು "ಹಂಪಮ್ಮ ಗಂಡ ಇಂಥವ" ಎಂದು. ಪಹಣಿ ತೆಗೆದು ನೋಡಿ, ಗಂಡನ ಹೆಸರಿಲ್ಲದೆ ಹೆಂಗಸಿಗೆ ಹೊಲವೇ ಇಲ್ಲ. ಈ ದೇವರ ಲೆಕ್ಕ ಮಾತ್ರ ಉಲ್ಟಾ. ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಗೆ "ಶ್ರೀ ವಿರೂಪಾಕ್ಷ" ಎಂದು ಅವನ ಹೆಸರಿನಲ್ಲೇ ರುಜು ಹಾಕಿದರು. ಅಂಥ ದೇವರನ್ನು ಊರ ಮಂದಿ ಗುರುತು ಹಿಡಿಯುವುದು ಹೆಂಡತಿಯ ಹೆಸರಿನಿಂದ. ಮನೆಮನೆಯ ಗಂಡುಮಕ್ಕಳಿಗೆ ಇಂಥವಳ ಗಂಡ ಎಂದು ಹೆಸರಿಟ್ಟು, ಇಂಥವಳನ್ನೇ ಮರೆತಿದ್ದೇವೆ.

ಇನ್ನು ಸರೋವರ. ಅದು ಹೊಳೆಯ ಈಚೆ, ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯ ಹತ್ತಿರವೇ ಇದೆ. (ಹಂಪಿ ಈಗ ಬಳ್ಳಾರಿ ಜಿಲ್ಲೆಯಲ್ಲಿಲ್ಲ, 2021ರಿಂದ ವಿಜಯನಗರ ಜಿಲ್ಲೆ. ಕೊಪ್ಪಳವೂ 1997ರವರೆಗೆ ರಾಯಚೂರು ಜಿಲ್ಲೆಯೇ. ಹಳೆ ಪುಸ್ತಕ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಯಾವ ಜಿಲ್ಲೆಯ ಸಂಪುಟದಲ್ಲಿ ನೋಡಬೇಕೆಂದು ತಲೆಕೆಡುತ್ತದೆ.) ವಾಲ್ಮೀಕಿ ರಾಮಾಯಣದಲ್ಲಿ ಅರಣ್ಯಕಾಂಡ ಮುಗಿಯುವುದು ರಾಮ ಪಂಪೆಯ ಹತ್ತಿರ ಬರುವಲ್ಲಿ. ಕಿಷ್ಕಿಂಧಾಕಾಂಡ ಶುರುವಾಗುವುದೇ ಪಂಪೆಯ ವಸಂತವನ್ನು ನೋಡಿ ಸೀತೆಯನ್ನು ನೆನೆದು ಅವನು ಅಳುವುದರಿಂದ. ಶಬರಿ ಕಾದು ಕೂತದ್ದೂ ಈ ಪಂಪೆಯ ದಂಡೆಯಲ್ಲೇ. ಭಾರತದ ಐದು ಪವಿತ್ರ ಸರೋವರಗಳೆಂದು ಎಣಿಸುವಾಗ ಮಾನಸ, ಬಿಂದು, ನಾರಾಯಣ, ಪುಷ್ಕರಗಳ ಜೊತೆ ಇದನ್ನೂ ಎಣಿಸುತ್ತಾರೆ. ಒಂದು ಬೆಳಗ್ಗೆ ನಮ್ಮ ಮನೆಯವರ ಸ್ಕೂಟರಿನ ಹಿಂದೆ ಕೂತು ಹೋಗಿಬಂದೆ. ಬಂಡೆಗಳ ನಡುವೆ ಒಂದು ಚೌಕ ನೀರು, ತಾವರೆ ಎಲೆ, ದಂಡೆಗೆ ಲಕ್ಷ್ಮಿಯ ಗುಡಿ, ಕೋತಿಗಳು ನಮ್ಮ ಚೀಲದ ಮೇಲೇ ಕಣ್ಣಿಟ್ಟಿದ್ದವು. ಹೆಸರು ಊರಿನದ್ದಾದರೆ ಆ ಊರಿಗೆ ಒಮ್ಮೆ ಹೋಗಿಬನ್ನಿ ಎಂಬುದು ನನ್ನ ಖಂಡಿತವಾದ ಸಲಹೆ. ಮಗುವಿಗೆ ಮುಂದೆ ತೋರಿಸಲು ಒಂದು ಜಾಗ ಇರುತ್ತದೆ.

ಇದೇ ಹೆಸರು ಬೇರೆ ಯಾರಿಗಿತ್ತು ಎಂಬುದನ್ನೂ ನೋಡಬೇಕು. ಪಂಪ ಎಂದೊಡನೆ ಓದಿದವರಿಗೆಲ್ಲ ಆದಿಕವಿ ನೆನಪಾಗುತ್ತಾನೆ. 941ರಲ್ಲಿ ಎರಡು ಮಹಾಕಾವ್ಯ ಕೊಟ್ಟವನು, ವೇಮುಲವಾಡದ ಅರಿಕೇಸರಿಯ ಆಸ್ಥಾನದವನು. ಅವನು ಗಂಡಸು, ಹೆಸರು ಹ್ರಸ್ವ. ಹೆಣ್ಣಿಗೆ ದೀರ್ಘ ಬೇಕು, ಪಂಪಾ. ಅಥವಾ ಸೀತಾ ಸೀತೆಯಾದಂತೆ, ಗಂಗಾ ಗಂಗೆಯಾದಂತೆ, ಅಚ್ಚ ಕನ್ನಡದ ಬಾಯಿಗೆ ಪಂಪೆ. ಈ ಒಂದು ದೀರ್ಘಕ್ಕೆ ನಾನು ಮುಂದೆ ಎಷ್ಟು ಓಡಾಡಬೇಕಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಶಾಸನಗಳಲ್ಲಿ ನೋಡುವ ಹುಮ್ಮಸ್ಸಿದ್ದವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದ್ದಾರೆ. ಇಡೀ ಶಾಸನ ಓದಲು ಹೋಗಿ ಸುಸ್ತಾಗಬೇಡಿ, ಮೊದಲು ಹಿಂದಿನ ಪುಟಗಳಲ್ಲಿ ಹೆಸರುಗಳ ಅಕಾರಾದಿ ಇದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಅಳಿಯನ ನಿಜವಾದ ಪ್ರಶ್ನೆ: ಈ ಹೆಸರು ಎಷ್ಟು ಅಪರೂಪ?

ಅಮೆರಿಕದಲ್ಲಿ ಪ್ರತಿ ವರ್ಷ ಹುಟ್ಟಿದ ಮಕ್ಕಳ ಹೆಸರಿನ ಲೆಕ್ಕವನ್ನು ಸರ್ಕಾರದ ಇಲಾಖೆಯೇ ಬಿಡುಗಡೆ ಮಾಡುತ್ತದೆ, 1880ರಿಂದ ಈಚಿನದೆಲ್ಲ ಸಿಗುತ್ತದೆ. ನಮ್ಮಲ್ಲಿ ಆ ರೂಢಿ ಇಲ್ಲ. ನಾವೇ ಎಣಿಸಬೇಕು, ಎಣಿಸಲಿಕ್ಕೆ ಒಳ್ಳೆಯ ಪುಸ್ತಕ ಮತದಾರರ ಪಟ್ಟಿ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಮತಗಟ್ಟೆವಾರು ಪಟ್ಟಿ ಕನ್ನಡದಲ್ಲೇ ಸಿಗುತ್ತದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಎಲ್ಲ ಇರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಕನ್ನಡಕ ಹಾಕಿಕೊಂಡು ಕಣ್ಣಲ್ಲೇ ಓದಬೇಕು. ನಿಮ್ಮ ಮತಗಟ್ಟೆ ಒಂದು, ಹೆಂಡತಿಯ ತವರಿನದೊಂದು, ಪೇಟೆಯದೊಂದು, ಮೂರು ಸಾಕು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಅರವತ್ತು ದಾಟಿದವರು, ಮೂವತ್ತರಿಂದ ಅರವತ್ತು, ಮೂವತ್ತರ ಒಳಗಿನವರು ಎಂದು ಮೂರು ಗೆರೆ ಹಾಕಿ. ಹೆಸರು ಸಾಯುತ್ತಿದೆಯೋ, ಹುಟ್ಟುತ್ತಿದೆಯೋ, ಬರೀ ಮಲಗಿದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ನನ್ನ ಹಾಳೆಯಲ್ಲಿ ಹಂಪಮ್ಮಗಳೆಲ್ಲ ಮೇಲಿನ ಗೆರೆಯಲ್ಲೇ ಕೂತರು, ನಡುವಿನದರಲ್ಲಿ ಒಬ್ಬರೋ ಇಬ್ಬರೋ, ಕೆಳಗೆ ಖಾಲಿ. ಪಂಪಾಪತಿಗಳು ಮೂರರಲ್ಲೂ ಇದ್ದರು. ಪಂಪಾ ಎಂಬ ಹೆಂಗಸು ಒಂದರಲ್ಲೂ ಇಲ್ಲ.

ಹದಿನೆಂಟು ತುಂಬದವರು ಆ ಪಟ್ಟಿಯಲ್ಲಿ ಬರುವುದಿಲ್ಲವಲ್ಲ, ಅದಕ್ಕೆ ಶಾಲೆಯ ದಾಖಲಾತಿ ವಹಿ ಇದೆ. ಹೆಡ್‌ಮಾಸ್ತರರನ್ನು ಕೇಳಿ, ಅವರು ಒಪ್ಪಿದರೆ ಅಲ್ಲೇ ಕೂತು ನೋಡಿ. ಬೇರೆಯವರ ಮಕ್ಕಳ ವಿವರವನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬರಬೇಡಿ. ಮನೆಯ ಟ್ರಂಕಿನಲ್ಲಿರುವ ಹಳೆ ಲಗ್ನಪತ್ರಿಕೆಗಳೂ ದೊಡ್ಡ ಆಸ್ತಿ. ಅದರ ಕೆಳಗೆ "ಸುಖಾಗಮನ ಬಯಸುವವರು" ಎಂದು ಹತ್ತಾರು ಹೆಸರಿರುತ್ತದೆ, ವರ್ಷ ಅಚ್ಚಾಗಿರುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಲಿಪಿಯ ತೊಡಕು ಶುರುವಾಗುತ್ತದೆ. ಕೊಪ್ಪಳ, ರಾಯಚೂರು ನಿಜಾಮರ ಸೀಮೆ, 1956ರವರೆಗೆ ಹೈದರಾಬಾದ್ ರಾಜ್ಯ. ಹೊಳೆಯಾಚೆಯ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಈಚೆ ದಂಡೆಯ ಹಳೆ ದಫ್ತರ ಉರ್ದುವಿನಲ್ಲಿ ಬರೆದದ್ದು. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲದ್ದರಿಂದ ಪಂಪಾ ಎಂದು ಬರೆದದ್ದನ್ನು ಗೊತ್ತಿಲ್ಲದವರು ಪಿಂಪಾ ಎಂದೂ ಪುಂಪಾ ಎಂದೂ ಓದಬಹುದು. ನಮ್ಮ ಮಾವನವರ ಕಾಲದ ಒಂದು ಕಾಗದದಲ್ಲಿ ಒಂದು ಹೆಸರು ಹನುಮವ್ವನೋ ಹಂಪವ್ವನೋ ಎಂದು ನಾವು ಒಂದು ಮಧ್ಯಾಹ್ನವೆಲ್ಲ ಜಗಳಾಡಿದೆವು, ತೀರ್ಮಾನವಾಗಲಿಲ್ಲ. ಉರ್ದು ಬಲ್ಲ ಹಿರಿಯರ ಹತ್ತಿರ ಓದಿಸಿ, ಊಹೆಯನ್ನು ಊಹೆ ಎಂದೇ ಬರೆದಿಡಿ. ಹಾಗೆಯೇ ನಿಮ್ಮ ಮನೆಗೆ ವಂಶಾವಳಿ ಹೇಳುವ ಹೆಳವರು ಬರುವ ವಾಡಿಕೆ ಇದ್ದರೆ ಅವರನ್ನು ಬಿಡಬೇಡಿ. ನಮ್ಮ ಮನೆಗೆ ಬರುವ ಹೆಳವ ಗಂಡಸರ ಹೆಸರುಗಳನ್ನು ಏಳೆಂಟು ತಲೆಮಾರು ಒಂದೇ ಉಸಿರಿಗೆ ಹೇಳಿದ. ಹೆಣ್ಣುಮಕ್ಕಳ ಹೆಸರು ಕೇಳಿದಾಗ ಮಾತ್ರ ತಲೆ ಕೆರೆದುಕೊಂಡು, "ಅದನ್ನ ಯಾರೂ ಕೇಳೂದಿಲ್ಲಲ್ರೀ ತಾಯಿ" ಎಂದ.

ಇಷ್ಟೆಲ್ಲ ಮಾಡಿ "ಈ ಹೆಸರು ಎಲ್ಲೂ ಇಲ್ಲ" ಎಂದು ನಾನು ಬೀಗುತ್ತಿದ್ದಾಗ ಸೊಕ್ಕು ಮುರಿದದ್ದು ಸಿಂಧನೂರಿನಲ್ಲಿ. ಮಗುವಿನ ಬಟ್ಟೆಬರೆಯ ಮಾತಿಗೆ ಬೀಗರ ಮನೆಗೆ ಹೋಗಿದ್ದೆ. ಸಿಂಧನೂರಿನ ಹತ್ತಿರ ಆರ್‌.ಎಚ್‌. ಕ್ಯಾಂಪುಗಳೆಂದು ಇವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು 1970ರ ಆಸುಪಾಸಿನಲ್ಲಿ ಸರ್ಕಾರ ಅಲ್ಲಿ ನೆಲೆಗೊಳಿಸಿತು. ಅಲ್ಲಿಂದ ಮೀನು ತರುವ ಹೆಂಗಸೊಬ್ಬಳು ಬೀಗರ ಓಣಿಗೆ ಬರುತ್ತಾಳೆ. ಬೀಗತಿ ಆಕೆಯನ್ನು ಕರೆದದ್ದು "ಪೊಂಪಾ" ಎಂದು. ನಾನು ಪಾಂಪು, ಪೊಂಪು ಎಂಥದೋ ಅಡ್ಡಹೆಸರು ಇರಬೇಕೆಂದುಕೊಂಡೆ. ಕೇಳಿದರೆ, ಪಂಪಾ! ಬಂಗಾಳಿ ಬಾಯಿಗೆ ಅಕಾರ ಒಕಾರದ ಹಾಗೆ ಹೊರಳುತ್ತದೆ. ಬಂಗಾಳದಲ್ಲಿ ಅದು ತೀರ ಸಾಮಾನ್ಯವಾದ ಹೆಣ್ಣಿನ ಹೆಸರಂತೆ, ತಮ್ಮ ಕ್ಯಾಂಪಿನಲ್ಲೇ ಇನ್ನೊಬ್ಬಳು ಇದ್ದಾಳಂತೆ. "ರಾಮಾಯಣದ ಕೆರೆ" ಎಂದಳು ಆಕೆ, ಅಷ್ಟು ಸ್ಪಷ್ಟವಾದ ಕನ್ನಡದಲ್ಲಿ. ಆ ಕೆರೆ ಇಲ್ಲಿಂದ ಎರಡು ತಾಸಿನ ಬಸ್ಸಿನ ದಾರಿ ಎಂದು ಹೇಳಿದಾಗ ಮೀನಿನ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಸಿಂಧನೂರಿನ ಗದ್ದೆಗಳಿಗೆ ಬರುವ ಎಡದಂಡೆ ಕಾಲುವೆಯ ನೀರು ತುಂಗಭದ್ರಾ ಜಲಾಶಯದ್ದು, ಆ ಜಲಾಶಯಕ್ಕೆ ಪಂಪಾಸಾಗರ ಎಂದೇ ಹೆಸರಿದೆ. ಅದನ್ನೂ ಹೇಳಿದೆ. ಆಕೆ ನಕ್ಕು, ಬೀಗತಿಗೆ ಒಂದು ಮೀನು ಹೆಚ್ಚಿಗೆ ಹಾಕಿ ಹೋದಳು. ಕೇರಳದಲ್ಲೂ ಶಬರಿಮಲೆಯ ಕೆಳಗೆ ಪಂಪಾ ನದಿ ಇದೆ, ಮಾಲೆ ಹಾಕಿದವರಿಗೆಲ್ಲ ಗೊತ್ತು. ಹಾಗಾಗಿ ಅಪರೂಪ ಎಂಬ ಮಾತಿಗೆ "ನಮ್ಮ ಕಡೆ" ಎಂಬ ಬಾಲ ಸೇರಿಸಿಯೇ ಹೇಳಿ.

ಮುಂದಿನದು ಕೂಗಿ ನೋಡುವ ಪರೀಕ್ಷೆ. ಇದನ್ನು ಬಿಟ್ಟವರು ಆಮೇಲೆ ಮಗುವಿನಿಂದ ಬೈಸಿಕೊಳ್ಳುತ್ತಾರೆ. ಹೆಸರನ್ನು ಹಿತ್ತಲಿನಿಂದ ಓಣಿಗೆ ಕೇಳುವ ಹಾಗೆ ಹತ್ತು ಸಲ ಕೂಗಿ. ಆಮೇಲೆ ನಾಲ್ಕನೇ ತರಗತಿಯ ತುಂಟ ಹುಡುಗನ ತಲೆ ಇಟ್ಟುಕೊಂಡು ಯೋಚಿಸಿ. ಭತ್ತದ ನಾಡು ನಮ್ಮದು, ಪಂಪಾ ಎಂದರೆ ಆ ಹುಡುಗನಿಗೆ ಮೊದಲು ಹೊಳೆಯುವುದು ಪಂಪ್‌ಸೆಟ್. "ಏ ಪಂಪ್‌ಸೆಟ್, ಕರೆಂಟ್ ಬಂತೇನ?" ಇದನ್ನು ನಾನೇ ಅಳಿಯನಿಗೆ ಹೇಳಿದೆ, ಮುಚ್ಚಿಡಲಿಲ್ಲ. ಬೆಂಗಳೂರಿನ ನನ್ನ ತಮ್ಮನ ಮಗ ಇಂಗ್ಲಿಷಿನಲ್ಲಿ ಬರೆದು ನೋಡಿ "ಪ್ಯಾಂಪಾ, ಪ್ಯಾಂಪರ್ಸ್" ಎಂದು ನಕ್ಕ. ಎರಡನ್ನೂ ತೂಗಿ ನೋಡಿದೆವು. ಯಾವ ಹೆಸರಿಗೂ ಒಂದು ಅಡ್ಡಹೆಸರು ಹುಟ್ಟಿಯೇ ತೀರುತ್ತದೆ, ನನ್ನ ಶಾಲೆಯಲ್ಲಿ ಸುಮಾ ಎಂಬ ಹುಡುಗಿಯನ್ನು "ಸುಮ್ನಿರಾ" ಎನ್ನುತ್ತಿದ್ದರು. ಅಡ್ಡಹೆಸರು ನಗೆ ಬರಿಸಿದರೆ ಚಿಂತೆಯಿಲ್ಲ, ಹೇಸಿಗೆ ಬರಿಸಿದರೆ ಆ ಹೆಸರು ಬಿಡಿ. ಪಂಪ್‌ಸೆಟ್ ನಗೆಯದು.

ನಕ್ಷತ್ರದ ಅಕ್ಷರ ಬೇಕೆನ್ನುವ ಮನೆಯಾದರೆ ಐನೋರ ಮುಂದೆ ಇನ್ನೊಂದು ಗಂಟು. ಪಂಚಾಂಗದ ಪ್ರಕಾರ ಪಾ ಅಕ್ಷರ ಬರುವುದು ಉತ್ತರಾ ನಕ್ಷತ್ರಕ್ಕೆ: ಟೇ, ಟೋ, ಪಾ, ಪೀ. ನಮ್ಮ ಕೂಸು ಅಶ್ವಿನಿಯದು, ಮೊದಲ ಪಾದ, ಚೂ ಬೇಕೆಂದರು. ಜಗಳ ಬೇಡ. ತೊಟ್ಟಿಲಿಗೆ ಜನ್ಮನಾಮ ಚೂಡಾಮಣಿ, ಕಾಗದಕ್ಕೆ ಮತ್ತು ಕರೆಯಲಿಕ್ಕೆ ಪಂಪಾ ಎಂದು ಇತ್ಯರ್ಥವಾಯಿತು. ಎರಡು ಹೆಸರಿಡುವುದು ನಮ್ಮಲ್ಲಿ ಹೊಸದೇನಲ್ಲ.

ಕೊನೆಗೆ ಕಾಗದ. ಇಲ್ಲಿ ಆತುರವೂ ಬೇಡ, ಉದಾಸೀನವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಮಗು ಎಲ್ಲಿ ಹುಟ್ಟಿತೋ ಅಲ್ಲಿನ ದಫ್ತರದಲ್ಲಿ. ತವರಿನಲ್ಲಿ ಹೆರಿಗೆಯಾದರೆ ತವರಿನ ಊರಿನಲ್ಲೇ, ಗಂಡನ ಊರಿನಲ್ಲಲ್ಲ. ಹೆಸರು ಅಷ್ಟರೊಳಗೆ ಗಟ್ಟಿಯಾಗದಿದ್ದರೆ ಹೆಸರಿಲ್ಲದೆಯೇ ನೋಂದಣಿ ಮಾಡಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯಲ್ಲಿ ನರ್ಸಮ್ಮ ಅವಸರ ಮಾಡಿದಳೆಂದು ಬಾಯಿಗೆ ಬಂದ ಹೆಸರು ಬರೆಸಿಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬಿದ್ದ ಅಕ್ಷರ ಜೀವನಪೂರ್ತಿ ಬೆನ್ನಿಗೆ.

ನಾವು ಹೆಸರು ಸೇರಿಸಲು ಹೋದ ಕಡೆ ಅರ್ಜಿಯಲ್ಲಿ ಪಂಪಾ ಎಂದು ದುಂಡಗೆ ಬರೆದುಕೊಟ್ಟಿದ್ದೆವು. ಕೈಗೆ ಬಂದ ಕಾಗದದಲ್ಲಿ "ಪಂಪ". ಕೇಳಿದರೆ, ಇಂಗ್ಲಿಷಿನಲ್ಲಿ ಎರಡೂ ಒಂದೇ ಅಲ್ಲವೇನ್ರೀ ಎಂದ ಕಂಪ್ಯೂಟರಿನ ಹುಡುಗ. ಇಂಗ್ಲಿಷಿನಲ್ಲಿ ಒಂದೇ ಇರಬಹುದಪ್ಪಾ, ಕನ್ನಡದಲ್ಲಿ ನೀನು ನನ್ನ ಮೊಮ್ಮಗಳನ್ನು ಆದಿಕವಿ ಮಾಡಿದ್ದೀಯ ಎಂದೆ. ಅವನಿಗೆ ನಗೆ ಬರಲಿಲ್ಲ, ತಿದ್ದುಪಡಿ ಅರ್ಜಿಯ ನಮೂನೆ ಕೊಟ್ಟ. ಮೂರು ಸಲ ಓಡಾಡಿದೆವು. ಆದ್ದರಿಂದ ಅಚ್ಚು ಹಾಕುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಕನ್ನಡದ ಹೆಸರು ಮತ್ತು ಇಂಗ್ಲಿಷಿನ ಹೆಸರು, ಎರಡನ್ನೂ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ ಅದನ್ನೇ ಮುಂದೆ ಇಡಿ, ಬಾಯಲ್ಲಿ ಹೇಳಬೇಡಿ.

ತೊಟ್ಟಿಲು ಹಾಕಿದ ದಿನ ಸಂಜೆಗೆ ಗುಗ್ಗರಿ ಬೇಯಿಸಿ, ಓಣಿಯ ಹೆಂಗಸರನ್ನೆಲ್ಲ ಕರೆದಿದ್ದೆವು. ಅಳಿಯನ ತಂಗಿ ಕೂಸಿನ ಕಿವಿಯಲ್ಲಿ ಬಗ್ಗಿ ಹೆಸರು ಹೇಳಿದಳು, ಹಿಂದಿನಿಂದ ಎಲ್ಲರೂ ಆಕೆಯ ಬೆನ್ನಿಗೆ ಗುದ್ದಿದರು. ಕಂಪ್ಲಿಯ ಸೋದರತ್ತೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಏನಂತ ಇಟ್ರವ್ವಾ?" ಎಂದಳು.

ಕಿವಿಯ ಹತ್ತಿರ ಹೋಗಿ "ಪಂಪಾ" ಎಂದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ "ಪಂಪಾ" ಎಂದೆ. ಆಕೆ ತಲೆಯಾಡಿಸಿ, ಗೋಡೆ ಹಿಡಿದು ಎದ್ದು, ತೊಟ್ಟಿಲ ಹಗ್ಗಕ್ಕೆ ಕೈ ಹಾಕಿ ತೂಗುತ್ತ ಕರೆದಳು: "ಹಂಪೀ... ಏ ಹಂಪೀ..."